ಅಮೆರಿಕದಿಂದ ಬಂದ ಪ್ಲೇಯರ್, ಶಿರಸಿಯ ಮದುವೆ ಸಿಡಿ: ಒಂದು ಪ್ರಕರಣ ಅಧ್ಯಯನ

2007ರ ನವೆಂಬರ್ ಕೊನೆಯ ವಾರದಲ್ಲಿ ಶಿರಸಿಯ ಐದು ರಸ್ತೆ ವೃತ್ತದ ಸಮೀಪವಿದ್ದ ವಿಡಿಯೋ ಸ್ಟುಡಿಯೋ ಒಂದಕ್ಕೆ ಸಿದ್ದಾಪುರ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯವರು ಮದುವೆ ಚಿತ್ರೀಕರಣಕ್ಕೆ ಮುಂಗಡ ಕೊಡಲು ಬಂದಿದ್ದರು. ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು ತಂಗಿಯ ಮದುವೆಗೆಂದು ರಜೆ ಹಾಕಿ ಬಂದಿದ್ದ ಮಗನೂ ಜೊತೆಗಿದ್ದ. ದರ, ದಿನ, ಎಷ್ಟು ಕ್ಯಾಮೆರಾ ಎಂಬ ಎಂದಿನ ಮಾತುಗಳು ಮುಗಿದ ಮೇಲೆ ಅವನು ಒಂದು ಪ್ರಶ್ನೆ ಕೇಳಿದ: ‘ಎಚ್‌ಡಿ ಡಿವಿಡಿಯಲ್ಲಿ ಮಾಡಿ ಕೊಡಲಿಕ್ಕೆ ಆಗುತ್ತದೆಯೇ? ಪ್ಲೇಯರ್ ತಂದಿದ್ದೇನೆ.’ ಎಚ್‌ಡಿ ಎಂದರೆ ಡಿವಿಡಿಗಿಂತ ಹೆಚ್ಚು ಚುಕ್ಕೆಗಳ, ಹೆಚ್ಚು ಸ್ಪಷ್ಟವಾದ ಚಿತ್ರ; ಅದನ್ನು ಹಿಡಿಯುವ ಹೊಸ ಡಿಸ್ಕುಗಳಲ್ಲಿ ಎಚ್‌ಡಿ ಡಿವಿಡಿ ಒಂದು. ಎಡಿಟಿಂಗ್ ಮೇಜಿನ ಹಿಂದೆ ಕೂತಿದ್ದವನು ನಾನು. ಮಾಲೀಕರು ನನ್ನ ಮುಖ ನೋಡಿದರು. ನಾನು ಹಿಂದೆ ಮುಂದೆ ನೋಡದೆ ಆಗುತ್ತದೆ ಎಂದುಬಿಟ್ಟೆ. ಆ ಒಂದು ಮಾತಿನ ಬೆನ್ನು ಹತ್ತಿ ಮುಂದಿನ ಎರಡೂವರೆ ತಿಂಗಳಲ್ಲಿ ಏನೇನಾಯಿತು, ಅಂಗಡಿ ಯಾವ ತೀರ್ಮಾನಕ್ಕೆ ಬಂತು, ಆ ತೀರ್ಮಾನಕ್ಕೆ ಆಧಾರ ಯಾವುದಿತ್ತು ಎಂಬುದು ಈ ಅಧ್ಯಯನದ ವಸ್ತು. ಅಂಗಡಿಯ ಮತ್ತು ಗ್ರಾಹಕರ ಹೆಸರುಗಳನ್ನು ಬಿಟ್ಟಿದ್ದೇನೆ.

ಅಂಗಡಿ ಆಗ ಇದ್ದ ಸ್ಥಿತಿ

ಹಿರಿಯರ ಬಾಯಲ್ಲಿ ಅದು ಇನ್ನೂ ‘ಮದುವೆ ಕ್ಯಾಸೆಟ್’ ಆಗಿಯೇ ಉಳಿದಿತ್ತು, ಉಳಿದವರಿಗೆ ‘ಮದುವೆ ಸಿಡಿ’. ಒಳಗಿರುವುದು ವಿಸಿಡಿಯೋ ಡಿವಿಡಿಯೋ ಎಂಬ ಭೇದ ಹೆಚ್ಚಿನವರಿಗೆ ಇರಲಿಲ್ಲ. ಹೊಳೆಯುವ ತಟ್ಟೆಯೆಲ್ಲ ಸಿಡಿಯೇ. ಆದರೆ ಅಂಗಡಿಯವರಿಗೆ ಆ ಭೇದವೇ ಹೊಟ್ಟೆಪಾಡು. ವಿಸಿಡಿ, ಅಂದರೆ ವಿಡಿಯೋ ಸಿಡಿ, 1993ರಲ್ಲಿ ರೂಪುಗೊಂಡ ಮಾದರಿ. ಅದರ ಚಿತ್ರದ ಅಳತೆ ನಮ್ಮ ದೇಶದ ಟಿವಿಗಳ ಪಾಲ್ ಪದ್ಧತಿಯಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆಗಳು. ಒಂದು ತಟ್ಟೆಗೆ ಹಿಡಿಯುವುದು 74ರಿಂದ 80 ನಿಮಿಷ. ಡಿವಿಡಿಯದ್ದು 720ಕ್ಕೆ 576 ಚುಕ್ಕೆ, 4.7 ಜಿಬಿ, ಒಳ್ಳೆಯ ಗುಣಮಟ್ಟದಲ್ಲಿ ಎರಡು ಗಂಟೆ. ಹೋಲಿಸಿ ನೋಡಿದವರು ಯಾರೂ ವಿಸಿಡಿಯನ್ನು ಆರಿಸಲಾರರು. ಆದರೂ 2007ರಲ್ಲಿ ನಮ್ಮ ಅಂಗಡಿಯಿಂದ ಹೊರಹೋಗುತ್ತಿದ್ದ ಮದುವೆಗಳಲ್ಲಿ ಅರ್ಧಕ್ಕೂ ಮಿಕ್ಕಿ ಮೂರು ವಿಸಿಡಿಗಳ ಕಟ್ಟುಗಳೇ ಆಗಿದ್ದವು. ಕಾರಣ ಸರಳ. ಮನೆಗಳಲ್ಲಿ ವಿಸಿಡಿ ಪ್ಲೇಯರ್ ಇತ್ತು. ಅದನ್ನು ಅವರು ಕೊಂಡದ್ದು ಮದುವೆ ನೋಡಲಿಕ್ಕಲ್ಲ, ಸಿನಿಮಾ ಮತ್ತು ಯಕ್ಷಗಾನ ನೋಡಲಿಕ್ಕೆ.

ಯಕ್ಷಗಾನದ ವಿಷಯ ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಕಡೆ ಡಿಸ್ಕಿನ ಬಗೆಗಿನ ತಿಳಿವಳಿಕೆ ಬೆಳೆದದ್ದು ಅದರ ಮೂಲಕ. ಬೆಳತನಕದ ಆಟವೆಂದರೆ ಎಂಟು ಗಂಟೆಗೆ ಕಡಿಮೆಯಿಲ್ಲ. ಅದನ್ನು ಪೂರ್ತಿಯಾಗಿ ವಿಸಿಡಿಗೆ ಹಾಕಿದರೆ ಏಳು ತಟ್ಟೆ ಬೇಕು. ಹಾಗಾಗಿ ಆಟವನ್ನು ಮೂರು, ಮೂರೂವರೆ ಗಂಟೆಗೆ ಇಳಿಸಿ ಮೂರು ತಟ್ಟೆಗೆ ಕೂರಿಸುವ ರೂಢಿ ಬಂತು. ಭಾಗವತರು ಪದವನ್ನು ಏರಿಸಿ, ವೇಷ ರಂಗದ ಮಧ್ಯಕ್ಕೆ ಬಂದು ಕುಣಿತಕ್ಕೆ ಕಾಲೆತ್ತುವ ಹೊತ್ತಿಗೆ ಒಂದನೆಯ ತಟ್ಟೆ ಮುಗಿದು ಪರದೆ ನೀಲಿಯಾಗುತ್ತಿತ್ತು. ಯಾರಾದರೂ ಎದ್ದು ಹೋಗಿ ಎರಡನೆಯದನ್ನು ಹಾಕುವಷ್ಟರಲ್ಲಿ ರಸ ಹಾರಿಹೋಗಿರುತ್ತಿತ್ತು. ನಮ್ಮ ಗ್ರಾಹಕರಲ್ಲಿ ಡಿವಿಡಿ ಪ್ಲೇಯರನ್ನು ಮೊದಲು ಕೊಂಡವರು ಸಿನಿಮಾದವರಲ್ಲ, ಆಟದ ಹುಚ್ಚಿನವರು. ‘ಚಿತ್ರ ಚಂದ ಬರುತ್ತದೆ’ ಎಂಬ ಮಾತಿಗೆ ಅವರು ಸೋತಿರಲಿಲ್ಲ; ‘ನಡುವೆ ಏಳಬೇಕಾಗಿಲ್ಲ’ ಎಂಬುದು ಅವರಿಗೆ ಬೇಕಾಗಿತ್ತು. 1975ರಲ್ಲಿ ಬಂದ ಸೋನಿಯ ಬೀಟಾಮ್ಯಾಕ್ಸ್ ಕ್ಯಾಸೆಟ್ ಮೊದಲಿಗೆ ಒಂದು ಗಂಟೆ ಮಾತ್ರ ಹಿಡಿಯುತ್ತಿತ್ತು, ಮರುವರ್ಷ ಬಂದ ಜೆವಿಸಿಯ ವಿಎಚ್‌ಎಸ್ ಎರಡು ಗಂಟೆ ಹಿಡಿಯುತ್ತಿತ್ತು ಎಂಬುದನ್ನು ನಾನು ಮುಂದೆ ಓದಿದಾಗ, ಬೀಟಾಮ್ಯಾಕ್ಸ್ ಸೋತದ್ದಕ್ಕೆ ಹಲವು ಕಾರಣಗಳಿದ್ದರೂ ಈ ಒಂದು ಕಾರಣವನ್ನು ನಮ್ಮ ಹಳ್ಳಿಯ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ ಅನ್ನಿಸಿತು.

ಅದೇ 2007ರ ಆರಂಭದಲ್ಲಿ ಖಾಲಿ ಡಿಸ್ಕುಗಳ ತಯಾರಿಕೆಗೆ ಹೆಸರಾದ ಮೋಸರ್ ಬೇರ್ ಕಂಪನಿ ಸಿನಿಮಾ ಡಿಸ್ಕುಗಳ ಮಾರಾಟಕ್ಕೂ ಇಳಿದು ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಬೆಲೆ ಇಟ್ಟಿತು. ಎರಡರ ನಡುವಿನ ಅಂತರ ಆರೇ ರೂಪಾಯಿ. ಬಾಡಿಗೆಗೆ ಕೊಡುವ ಅಂಗಡಿಗಳ ಲೆಕ್ಕ ತಪ್ಪಿತು, ಡಿವಿಡಿ ಪ್ಲೇಯರ್ ಕೊಳ್ಳುವುದಕ್ಕೆ ಜನರಿಗೆ ಒಂದು ನೆವ ಸಿಕ್ಕಿತು. ಅಂದರೆ ಜಗತ್ತಿನ ಬೇರೆ ಕಡೆ ಡಿವಿಡಿಯ ಉತ್ತರಾಧಿಕಾರಿ ಯಾರು ಎಂದು ಕಾದಾಟ ನಡೆಯುತ್ತಿದ್ದ ಹೊತ್ತಿನಲ್ಲಿ ಶಿರಸಿಯಲ್ಲಿ ಡಿವಿಡಿಗೆ ಇನ್ನೂ ಪಟ್ಟವೇ ಆಗಿರಲಿಲ್ಲ.

ಅಂಗಡಿಯ ಮಾಲೀಕರು ಆ ವರ್ಷ ಸಹಕಾರಿ ಸಂಘವೊಂದರಿಂದ ಸಾಲ ಎತ್ತಿ ಎಚ್‌ಡಿವಿ ಕ್ಯಾಮೆರಾ ಕೊಂಡಿದ್ದರು. ಮಿನಿ ಡಿವಿ ಟೇಪಿನ ಮೇಲೆಯೇ 1440ಕ್ಕೆ 1080 ಚುಕ್ಕೆಗಳ ಚಿತ್ರ ಬರೆಯುವ ಯಂತ್ರ ಅದು. ಕಂತು ಕಟ್ಟುವುದು ಪ್ರತಿ ತಿಂಗಳೂ ಬರುತ್ತಿತ್ತು. ಆ ಚಿತ್ರವನ್ನು ಅದರ ಪೂರ್ಣ ಸ್ವರೂಪದಲ್ಲಿ ಗ್ರಾಹಕನ ಕೈಗೆ ಕೊಡುವ ದಾರಿ ಮಾತ್ರ ಇರಲಿಲ್ಲ. ಚಿತ್ರೀಕರಣ ಎಚ್‌ಡಿಯಲ್ಲಿ, ಕೊಡುವುದು ವಿಸಿಡಿಯಲ್ಲಿ. ಹೊಸ ಕೊಡದಲ್ಲಿ ನೀರು ತಂದು ಹಳೆಯ ತಂಬಿಗೆಗೆ ಸುರಿದಂತೆ ಎಂದು ಅವರೇ ಒಮ್ಮೆ ಬೇಸರದಿಂದ ಹೇಳಿದ್ದರು. ಆದ್ದರಿಂದ ಎಚ್‌ಡಿ ಡಿಸ್ಕ್ ಕೇಳಿಕೊಂಡು ಬಂದ ಮೊದಲ ಗ್ರಾಹಕ ಅವರಿಗೆ ಸಣ್ಣವನಾಗಿ ಕಾಣಲಿಲ್ಲ.

ಎರಡು ನೀಲಿ ಡಿಸ್ಕುಗಳು

ಆಗ ಕಣದಲ್ಲಿ ಎರಡು ಡಿಸ್ಕುಗಳಿದ್ದವು. 2002ರ ಫೆಬ್ರುವರಿಯಲ್ಲಿ ಸೋನಿ, ಪ್ಯಾನಸೋನಿಕ್, ಫಿಲಿಪ್ಸ್ ಮೊದಲಾದ ಒಂಬತ್ತು ಕಂಪನಿಗಳು ಸೇರಿ ಬ್ಲೂ-ರೇ ಎಂಬ ಮಾದರಿಯನ್ನು ಪ್ರಕಟಿಸಿದವು. ಅದೇ ವರ್ಷ ತೋಷಿಬಾ ಮತ್ತು ಎನ್‌ಇಸಿ ತಮ್ಮದೇ ಇನ್ನೊಂದು ಮಾದರಿಯನ್ನು ಮುಂದಿಟ್ಟವು. ಅದಕ್ಕೆ ಮುಂದೆ ಎಚ್‌ಡಿ ಡಿವಿಡಿ ಎಂದು ಹೆಸರಾಯಿತು. ಹತ್ತು ವರ್ಷ ಮೊದಲು ಡಿವಿಡಿಯ ವಿಷಯದಲ್ಲೂ ಇಂಥದೇ ಎರಡು ಬಣಗಳು ಹುಟ್ಟಿದ್ದವು. 1995ರಲ್ಲಿ ಕಂಪ್ಯೂಟರ್ ಕಂಪನಿಗಳು ಪಟ್ಟು ಹಿಡಿದದ್ದರಿಂದ ಅವು ರಾಜಿಯಾಗಿ ಒಂದೇ ಡಿಸ್ಕ್ ಹೊರಬಂದಿತ್ತು. ಈ ಸಲ 2005ರಲ್ಲಿ ನಡೆದ ಮಾತುಕತೆ ಮುರಿದುಬಿತ್ತು.

ಎರಡಕ್ಕೂ ಬೆಳಕು ಒಂದೇ: 405 ನ್ಯಾನೊಮೀಟರಿನ ನೀಲಿ-ನೇರಳೆ ಲೇಸರ್. ಸಿಡಿಯದ್ದು 780, ಡಿವಿಡಿಯದ್ದು 650 ನ್ಯಾನೊಮೀಟರಿನ ಕೆಂಪಿನ ಕಡೆಯ ಬೆಳಕು. ಅಲೆ ಚಿಕ್ಕದಾದಷ್ಟೂ ಬೆಳಕಿನ ಮೊನೆ ಚೂಪಾಗುತ್ತದೆ. ಕೊರೆಯುವ ಕಬ್ಬಿಣದ ಕಂಠ ಚೂಪಾದಷ್ಟೂ ತಾಳೆಗರಿಯ ಮೇಲೆ ಸಾಲುಗಳನ್ನು ಒತ್ತಾಗಿ ಕೊರೆಯಬಹುದಲ್ಲ, ಹಾಗೆ. ಈ ಬಣ್ಣದ ಬೆಳಕನ್ನು ಹೊಮ್ಮಿಸುವ ಅರೆವಾಹಕ ಬಹುಕಾಲ ಯಾರ ಕೈಗೂ ಸಿಕ್ಕಿರಲಿಲ್ಲ. ಜಪಾನಿನ ಇಸಾಮು ಅಕಾಸಾಕಿ ಮತ್ತು ಹಿರೋಶಿ ಅಮಾನೊ ಒಂದು ಕಡೆ, ನಿಚಿಯಾ ಎಂಬ ಕಂಪನಿಯಲ್ಲಿದ್ದ ಶುಜಿ ನಕಮುರಾ ಇನ್ನೊಂದು ಕಡೆ ಗ್ಯಾಲಿಯಂ ನೈಟ್ರೈಡನ್ನು ಪಳಗಿಸಿ 1990ರ ದಶಕದ ಆರಂಭಕ್ಕೆ ಪ್ರಖರವಾದ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದರು. ನೀಲಿ ಲೇಸರ್ ಅದರ ಬೆನ್ನಿಗೇ ಬಂತು. ನೀಲಿ ಎಲ್‌ಇಡಿಗಾಗಿ ಆ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಈ ಎಲ್‌ಇಡಿ ನಮ್ಮ ಪ್ರಕರಣದ ಕೊನೆಯಲ್ಲಿ ಇನ್ನೊಮ್ಮೆ ಬರುತ್ತದೆ.

ಬೆಳಕು ಒಂದೇ ಆದರೂ ಡಿಸ್ಕಿನ ಹೊದಿಕೆ ಬೇರೆ. ಎಚ್‌ಡಿ ಡಿವಿಡಿಯಲ್ಲಿ ಮಾಹಿತಿಯ ಪದರ ಡಿವಿಡಿಯಂತೆಯೇ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿತ್ತು. ಹಾಗಾಗಿ ಹಳೆಯ ಡಿವಿಡಿ ಕಾರ್ಖಾನೆಗಳನ್ನು ಸ್ವಲ್ಪ ತಿದ್ದಿಕೊಂಡರೆ ಸಾಕಾಗುತ್ತಿತ್ತು. ಬ್ಲೂ-ರೇಯಲ್ಲಿ ಆ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರಿನಲ್ಲಿತ್ತು, ಮಸೂರವನ್ನು ಹತ್ತಿರ ತಂದು ಮೊನೆಯನ್ನು ಇನ್ನಷ್ಟು ಚೂಪು ಮಾಡಬಹುದಿತ್ತು. ಪರಿಣಾಮವಾಗಿ ಎಚ್‌ಡಿ ಡಿವಿಡಿಗೆ ಪದರವೊಂದಕ್ಕೆ 15 ಜಿಬಿ, ಬ್ಲೂ-ರೇಗೆ 25 ಜಿಬಿ. ಆದರೆ ಮೇಲ್ಮೈಗೆ ಅಷ್ಟು ಸಮೀಪವಿರುವ ಮಾಹಿತಿ ಗೀರು ತಾಗಿದರೆ ಹೋಯಿತು. ಮೊದಲ ಬ್ಲೂ-ರೇ ಡಿಸ್ಕುಗಳನ್ನು ಪ್ಲಾಸ್ಟಿಕ್ ಗೂಡಿನೊಳಗೆ ಇಡಬೇಕಾಗಿತ್ತು. ಗಟ್ಟಿ ಲೇಪನ ಬಂದ ಮೇಲಷ್ಟೇ ಗೂಡು ತಪ್ಪಿತು. ಅಗ್ಗದ ತಯಾರಿಕೆ ಒಂದು ಕಡೆ, ಹೆಚ್ಚಿನ ಜಾಗ ಇನ್ನೊಂದು ಕಡೆ: ತಾಂತ್ರಿಕವಾಗಿ ಜಗಳದ ತಿರುಳು ಇಷ್ಟೇ.

ಮಾರುಕಟ್ಟೆಯಲ್ಲಿ ಮೊದಲು ಬಂದದ್ದು ತೋಷಿಬಾ. 2006ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅದರ ಪ್ಲೇಯರ್ 499 ಡಾಲರಿಗೆ ಸಿಗುತ್ತಿತ್ತು. ಜೂನ್‌ನಲ್ಲಿ ಬಂದ ಸ್ಯಾಮ್‌ಸಂಗ್‌ನ ಮೊದಲ ಬ್ಲೂ-ರೇ ಪ್ಲೇಯರಿಗೆ 999 ಡಾಲರ್. ಸಿನಿಮಾ ಸಂಸ್ಥೆಗಳೂ ಹೋಳಾಗಿದ್ದವು. ಯೂನಿವರ್ಸಲ್ ಎಚ್‌ಡಿ ಡಿವಿಡಿಯ ಕಡೆ. ಸೋನಿ, ಡಿಸ್ನಿ, ಫಾಕ್ಸ್ ಬ್ಲೂ-ರೇ ಕಡೆ. ವಾರ್ನರ್ ಎರಡರಲ್ಲೂ ಕಾಲಿಟ್ಟಿತ್ತು. 2007ರ ಆಗಸ್ಟ್‌ನಲ್ಲಿ ಪ್ಯಾರಾಮೌಂಟ್ ಬ್ಲೂ-ರೇ ಬಿಟ್ಟು ಎಚ್‌ಡಿ ಡಿವಿಡಿಗೆ ಹಾರಿತು. ನವೆಂಬರ್ ಆರಂಭದಲ್ಲಿ ವಾಲ್‌ಮಾರ್ಟ್ ಮಳಿಗೆಗಳು ತೋಷಿಬಾದ ಎಚ್‌ಡಿ-ಎ2 ಪ್ಲೇಯರನ್ನು 98.87 ಡಾಲರಿಗೆ ಮಾರಿದವು. ಆಗಿನ ವಿನಿಮಯ ದರದಲ್ಲಿ ಅದು ನಾಲ್ಕು ಸಾವಿರ ರೂಪಾಯಿಗೂ ಕಡಿಮೆ. ನಮ್ಮ ಗ್ರಾಹಕರ ಮಗ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಸುತ್ತಿಕೊಂಡು ತಂದದ್ದು ಆ ಸುಗ್ಗಿಯಲ್ಲಿ ಸಿಕ್ಕಿದ್ದನ್ನೇ.

ನನ್ನ ವಾದ, ಮಾಲೀಕರ ಪ್ರಶ್ನೆ

ನಾನು ಎಚ್‌ಡಿ ಡಿವಿಡಿಯ ಪಕ್ಷದವನಾಗಿದ್ದೆ. ನನ್ನ ವಾದಕ್ಕೆ ಮೂರು ಆಧಾರಗಳಿದ್ದವು, ಮೂರೂ ಆಗ ನಿಜವೇ ಆಗಿದ್ದವು. ಎಚ್‌ಡಿ ಡಿವಿಡಿ ಸಿನಿಮಾಗಳಿಗೆ ಪ್ರದೇಶದ ಬೀಗ, ಅಂದರೆ ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದಂತೆ ಮಾಡುವ ತಡೆ, ಇರಲಿಲ್ಲ. ಬ್ಲೂ-ರೇಯಲ್ಲಿ ಭಾರತ ‘ಸಿ’ ವಲಯ, ಅಮೆರಿಕ ‘ಎ’ ವಲಯ. ಪ್ಲೇಯರ್ ಅಗ್ಗ. ಎಲ್ಲಕ್ಕಿಂತ ಮುಖ್ಯವಾಗಿ, ಎಚ್‌ಡಿ ಡಿವಿಡಿಯ ರಚನೆಯನ್ನು ಮಾಮೂಲಿ ಡಿವಿಡಿ-ಆರ್ ತಟ್ಟೆಯ ಮೇಲೆ, ಮಾಮೂಲಿ ಕೆಂಪು ಲೇಸರಿನ ಬರ್ನರಿನಿಂದಲೇ ಬರೆದರೂ ಎಚ್‌ಡಿ ಡಿವಿಡಿ ಪ್ಲೇಯರ್ ಅದನ್ನು ಓದುತ್ತಿತ್ತು. ಅಂದರೆ ಹೊಸ ಯಂತ್ರವೇ ಬೇಡ. ಹದಿನೈದು ಇಪ್ಪತ್ತು ರೂಪಾಯಿಯ ಖಾಲಿ ಡಿಸ್ಕಿನಲ್ಲಿ ಎಚ್‌ಡಿ ಮದುವೆ! ಬ್ಲೂ-ರೇಗಾದರೆ ಬರ್ನರೇ ಹತ್ತಾರು ಸಾವಿರ, ಖಾಲಿ ತಟ್ಟೆಯೊಂದಕ್ಕೆ ಹಲವು ನೂರು ರೂಪಾಯಿ. ಇದನ್ನೆಲ್ಲ ನಾನು ಒಂದು ಹಾಳೆಯ ಮೇಲೆ ಬರೆದು ಮಾಲೀಕರ ಮುಂದಿಟ್ಟೆ.

ಲೆಕ್ಕದಲ್ಲಿ ಒಂದು ಕೊರತೆ ಅಲ್ಲೇ ಕಾಣುತ್ತಿತ್ತು. ಎಚ್‌ಡಿವಿ ಟೇಪು ಸೆಕೆಂಡಿಗೆ 25 ಮೆಗಾಬಿಟ್ ವೇಗದಲ್ಲಿ ಬರೆಯುತ್ತದೆ. ಒಂದು ಗಂಟೆಯ ಟೇಪೆಂದರೆ ಸುಮಾರು 11 ಜಿಬಿ. 4.7 ಜಿಬಿಯ ತಟ್ಟೆಗೆ ಅದರಲ್ಲಿ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಇನ್ನಷ್ಟು ಹಿಂಡಿದರೆ ಮುಕ್ಕಾಲು ಗಂಟೆ ದಾಟಿಸಬಹುದು, ಆದರೆ ನಮ್ಮ ಕಂಪ್ಯೂಟರಿಗೆ ಅದು ರಾತ್ರಿಗಟ್ಟಲೆಯ ಕೆಲಸ. ಮೂರು ಗಂಟೆಯ ಮದುವೆಗೆ ನಾಲ್ಕು ತಟ್ಟೆ. ವಿಸಿಡಿಯಿಂದ ತಪ್ಪಿಸಿಕೊಂಡು ಬಂದವರನ್ನು ತಿರುಗಿ ತಟ್ಟೆ ಬದಲಿಸುವ ಶಿಕ್ಷೆಗೆ ದೂಡುವುದೆಂದರೆ ಇದೇ. ಆದರೆ ನಾನು ಆಗ ಅದನ್ನು ಹಾಗೆ ನೋಡಲಿಲ್ಲ.

ಮಾಲೀಕರು ಹಾಳೆಯನ್ನು ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದರು. ‘ಅವರ ಮನೆಯ ಟಿವಿ ಯಾವುದು?’ ನಾನು ಕೇಳಿರಲಿಲ್ಲ.

ಮದುವೆ ಧನುರ್ಮಾಸಕ್ಕೆ ಮೊದಲು, ಡಿಸೆಂಬರ್ ಮೊದಲ ವಾರದಲ್ಲಿ ನಡೆಯಿತು. ಆರು ಟೇಪುಗಳಾದವು. ಧಾರೆಯ ಭಾಗದ ಇಪ್ಪತ್ತು ನಿಮಿಷಗಳನ್ನು ಆರಿಸಿ ನಾನು ಒಂದು ಪರೀಕ್ಷಾ ಡಿಸ್ಕ್ ಮಾಡಿದೆ. ಅಮೆರಿಕದ ಯಂತ್ರವಾದ್ದರಿಂದ ಸಂಶಯ ಬೇಡವೆಂದು, ನಮ್ಮ 50 ಹರ್ಟ್ಸ್ ಚಿತ್ರವನ್ನು 60ಕ್ಕೆ ಬದಲಿಸಿಕೊಂಡೆ. ಎರಡು ಸಲ ಕರೆಂಟು ಹೋಗಿ ಮೊದಲಿಂದ ಆರಂಭಿಸಬೇಕಾಯಿತು. ಮೂರನೆಯ ರಾತ್ರಿ ಪೂರ್ತಿಯಾಯಿತು. ಬೈಕಿನ ಮೇಲೆ ಅವರ ಮನೆಗೆ ಹೋದಾಗ ಅಂಗಳದಲ್ಲಿ ಕೊನೆ ಕೊಯ್ಲಿನ ಅಡಿಕೆ ರಾಶಿ ಬಿದ್ದಿತ್ತು, ಜಗಲಿಯಲ್ಲಿ ಅಡಿಕೆ ಸುಲಿಯುವವರು ಕೂತಿದ್ದರು. ಪ್ಲೇಯರ್ ಅಮೆರಿಕದ 120 ವೋಲ್ಟಿನದ್ದು. ಹುಬ್ಬಳ್ಳಿಯಿಂದ ತರಿಸಿದ ಇಟ್ಟಿಗೆ ಗಾತ್ರದ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತ ಅದರ ಪಕ್ಕ ಕೂತಿತ್ತು. ಟಿವಿ 29 ಇಂಚಿನ ಪಿಕ್ಚರ್ ಟ್ಯೂಬಿನದ್ದು. ಅದರ ಹಿಂದೆ ಇದ್ದದ್ದು ಹಳದಿ, ಬಿಳಿ, ಕೆಂಪು ತೂತುಗಳು ಮಾತ್ರ.

ಈ ಹಳದಿ ತಂತಿಯ ಬಗ್ಗೆ ಒಂದು ಮಾತು. ಎಚ್‌ಡಿ ಚಿತ್ರ ಪೂರ್ಣ ರೂಪದಲ್ಲಿ ಹೊರಬರಬೇಕಾದರೆ ಎಚ್‌ಡಿಎಂಐ ಅಥವಾ ಕಾಂಪೊನೆಂಟ್ ತಂತಿ ಬೇಕು. ಹಳದಿ ತಂತಿಯಲ್ಲಿ ಪ್ಲೇಯರ್ ತಾನೇ ಚಿತ್ರವನ್ನು ಇಳಿಸಿ ಸಾಮಾನ್ಯ ಮಟ್ಟದ್ದನ್ನಾಗಿ ಮಾಡಿ ಕಳಿಸುತ್ತದೆ. ಅಮೆರಿಕದ ಪ್ಲೇಯರ್ ಆದ್ದರಿಂದ ಅಲ್ಲಿಯ ಟಿವಿಗಳ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಕಳಿಸುತ್ತದೆ. ಡಿಸ್ಕ್ ಹಾಕಿ ಸುಮಾರು ಒಂದು ನಿಮಿಷ ಕಾದ ಮೇಲೆ ಚಿತ್ರ ಬಂತು. ಮಂಟಪ ಬಂತು, ಅಂತರಪಟ ಬಂತು, ಮದುಮಗಳು ಬಂದಳು. ಎಲ್ಲವೂ ಕಪ್ಪು-ಬಿಳುಪು.

ಒಳಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಹೇಳಿದರು: ‘ನನ್ ಮದ್ವೆ ಫೋಟೋ ಹಂಗೇ ಇದ್ದು.’ ಜಗಲಿಯವರೆಗೂ ನಗು ಕೇಳಿತು.

ತಪ್ಪು ದೊಡ್ಡದೇನಲ್ಲ. ಟಿವಿ ಪಾಲ್ ಪದ್ಧತಿಯಲ್ಲಿ ನಿಂತಿತ್ತು. ಎನ್‌ಟಿಎಸ್‌ಸಿಯ ಬಣ್ಣದ ಸಂಕೇತ ಅದಕ್ಕೆ ಅರ್ಥವಾಗಿರಲಿಲ್ಲ. ರಿಮೋಟಿನಲ್ಲಿ ಪದ್ಧತಿ ಬದಲಿಸಿದೆ, ಸೀರೆಗೆ ಬಣ್ಣ ಬಂತು. ಆಮೇಲೆ ಹೋಲಿಕೆಗೆಂದು ನಾನು ತಂದಿದ್ದ ಅದೇ ಭಾಗದ ಮಾಮೂಲಿ ಡಿವಿಡಿಯನ್ನು ಅವರ ಹಳೆಯ ಪ್ಲೇಯರಿನಲ್ಲಿ ಹಾಕಿದೆವು. ಆ ಪರದೆಯ ಮೇಲೆ ಎರಡಕ್ಕೂ ವ್ಯತ್ಯಾಸ ಹೇಳುವುದು ನನ್ನಿಂದಲೂ ಆಗಲಿಲ್ಲ. ಮಗ ಮಾತಾಡದೆ ತಂತಿಗಳನ್ನು ಸುತ್ತಿಟ್ಟ. ತಂದೆಯವರು ಕೊನೆಗೆ ಹೇಳಿದ್ದು ಇಷ್ಟು: ‘ನಮ್ಮನೆ ಟಿವಿಲಿ ಬತ್ತಾ ಹೇಳಿ ಮೊದ್ಲು ನೋಡು, ಆಮೇಲೆ ಉಳಿದದ್ದು.’

ತೀರ್ಮಾನ

ಮಾಲೀಕರ ಮುಂದೆ ಆಗ ಮೂರು ದಾರಿಗಳಿದ್ದವು. ಬ್ಲೂ-ರೇ ಬರ್ನರ್ ಕೊಂಡು ಮುಂಚೂಣಿಯಲ್ಲಿರುವ ಅಂಗಡಿ ಎನಿಸಿಕೊಳ್ಳುವುದು. ನನ್ನ ಉಪಾಯದಂತೆ ಕೆಂಪು ಡಿಸ್ಕಿನ ಮೇಲೆ ಎಚ್‌ಡಿ ಡಿವಿಡಿ ಮಾಡಿಕೊಡುವುದು. ಎರಡೂ ಬಿಟ್ಟು ಡಿವಿಡಿಯಲ್ಲೇ ನಿಲ್ಲುವುದು. ಅವರು ಮೂರನೆಯದನ್ನು ಆರಿಸಿಕೊಂಡರು, ಆದರೆ ಒಂದು ತಿದ್ದುಪಡಿಯೊಂದಿಗೆ. ಅಲ್ಲಿಯವರೆಗೆ ಮಿನಿ ಡಿವಿ ಟೇಪುಗಳ ಮೇಲೆ ಎರಡು ಮೂರು ಮದುವೆ ಬರೆದು ಅಳಿಸುವುದು ಎಲ್ಲ ಅಂಗಡಿಗಳ ರೂಢಿಯಾಗಿತ್ತು. ಇನ್ನು ಮುಂದೆ ಎಚ್‌ಡಿವಿಯಲ್ಲಿ ತೆಗೆದ ಟೇಪುಗಳನ್ನು ಅಳಿಸುವುದಿಲ್ಲ, ಟೇಪಿನ ಬೆಲೆಯನ್ನು ಗ್ರಾಹಕರ ಲೆಕ್ಕಕ್ಕೆ ಸೇರಿಸುತ್ತೇವೆ, ಮುಂದೆ ಯಾವ ಡಿಸ್ಕ್ ಉಳಿಯುತ್ತದೋ ಅದರಲ್ಲಿ ಬೇಕಾದಾಗ ಮಾಡಿಕೊಡುತ್ತೇವೆ ಎಂದು ಅವರು ಗ್ರಾಹಕರಿಗೆ ಹೇಳತೊಡಗಿದರು. ಇನ್ನೊಂದು ಸಣ್ಣ ಬದಲಾವಣೆಯನ್ನೂ ಮಾಡಿದರು. ಮುಂಗಡದ ರಿಜಿಸ್ಟರಿನಲ್ಲಿ ಹೆಸರು, ಮುಹೂರ್ತ, ಮೊತ್ತದ ಪಕ್ಕದಲ್ಲಿ ಸ್ಕೇಲಿಟ್ಟು ಒಂದು ಗೆರೆ ಎಳೆದು ಹೊಸ ಕಾಲಮ್ ಸೇರಿಸಿದರು: ‘ಮನೆಯಲ್ಲಿ ಏನಿದೆ’.

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತ್ಯಂತ ಬುದ್ಧಿವಂತ ಕೆಲಸ ಆ ಗೆರೆ. ಅಲ್ಲಿ ಬರೆದದ್ದನ್ನು ನಾನು ವರ್ಷಗಳ ಕಾಲ ನೋಡಿದ್ದೇನೆ: ‘ವಿಸಿಡಿ, ಕಲರ್ ಟಿವಿ’, ‘ಡಿವಿಡಿ ಉಂಟು, ರಿಮೋಟ್ ಹಾಳು’, ‘ಮಗಳ ಮನೇಲಿ ನೋಡ್ತಾರೆ’. ಯಾವ ಡಿಸ್ಕ್ ಗೆಲ್ಲುತ್ತದೆ ಎಂಬುದನ್ನು ಜಪಾನಿನ ಸುದ್ದಿಯಲ್ಲಿ ಹುಡುಕುತ್ತಿದ್ದ ನನಗೆ ಉತ್ತರ ಇದ್ದದ್ದು ಆ ಕಾಲಮಿನಲ್ಲಿ.

ಇದನ್ನು ಶಿರಸಿಯ ಸಣ್ಣ ಲೋಕಕ್ಕೆ ಮಾತ್ರ ಸಲ್ಲುವ ಸಂಗತಿ ಎಂದು ತಳ್ಳಿಹಾಕುವಂತಿಲ್ಲ. ದೊಡ್ಡ ಕಣದಲ್ಲೂ ಆದದ್ದು ಅದೇ. ಸೋನಿ 2006ರ ನವೆಂಬರ್‌ನಲ್ಲಿ ತಂದ ಪ್ಲೇಸ್ಟೇಷನ್ 3 ಆಟದ ಯಂತ್ರದೊಳಗೇ ಬ್ಲೂ-ರೇ ಡ್ರೈವ್ ಇತ್ತು. ಅದರಿಂದ ಯಂತ್ರದ ಬೆಲೆ ಏರಿತು, ಸೋನಿ ಆರಂಭದಲ್ಲಿ ಪ್ರತಿ ಯಂತ್ರದಲ್ಲೂ ನಷ್ಟ ಮಾಡಿಕೊಂಡಿತು, ಟೀಕೆಯೂ ಬಂತು. ಆದರೆ 2007 ಮುಗಿಯುವಷ್ಟರಲ್ಲಿ ಒಂದು ಕೋಟಿಗೂ ಹೆಚ್ಚು ಪ್ಲೇಸ್ಟೇಷನ್ 3ಗಳು ಜಗತ್ತಿನ ಮಾರುಕಟ್ಟೆಗೆ ಹೋಗಿದ್ದವು. ಎಚ್‌ಡಿ ಡಿವಿಡಿ ಪ್ಲೇಯರ್‌ಗಳ ಸಂಖ್ಯೆ ಅದರ ಹತ್ತಿರಕ್ಕೂ ಬಂದಿರಲಿಲ್ಲ. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360ಕ್ಕೆ ಎಚ್‌ಡಿ ಡಿವಿಡಿ ಡ್ರೈವನ್ನು ಬೇರೆಯಾಗಿ 199 ಡಾಲರಿಗೆ ಮಾರಿತು. ಬೇಕಾದವನು ಮಾತ್ರ ಕೊಂಡ. ಆಟಕ್ಕೆಂದು ಕೊಂಡ ಪೆಟ್ಟಿಗೆ ಸಿನಿಮಾಕ್ಕೂ ಆಯಿತು ಎಂಬುದು, ಸಿನಿಮಾಕ್ಕೆಂದು ಕೊಂಡ ವಿಸಿಡಿ ಪ್ಲೇಯರ್ ನಮ್ಮಲ್ಲಿ ಮದುವೆಗೂ ಆಯಿತು ಎಂಬುದರ ಇನ್ನೊಂದು ರೂಪ.

ಕಾರವಾರದಲ್ಲಿ ಇದಕ್ಕೆ ಒಂದು ಉಪಕಥೆ ಸಿಕ್ಕಿತು. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ ಮೇಲೆ ಅಲ್ಲಿನ ಸ್ಟುಡಿಯೋಗಳಿಗೆ ಹೊರರಾಜ್ಯಗಳ ನೌಕಾಪಡೆ ಕುಟುಂಬಗಳ ಕೆಲಸ ಬರುತ್ತಿತ್ತು. ಅಲ್ಲಿನ ಪರಿಚಯದ ಎಡಿಟರ್ ಒಬ್ಬರು ಒಂದು ದಿನ ಫೋನ್ ಮಾಡಿ, ಮಗುವಿನ ಹುಟ್ಟುಹಬ್ಬದ ವಿಡಿಯೋ ಬ್ಲೂ-ರೇಯಲ್ಲಿ ಬೇಕಂತೆ, ಏನು ಮಾಡುವುದು ಎಂದು ಕೇಳಿದರು. ಆ ಮನೆಯಲ್ಲಿ ಬ್ಲೂ-ರೇ ಪ್ಲೇಯರ್ ಇದೆಯೇ ಎಂದೆ. ಪ್ಲೇಯರ್ ಇಲ್ಲ, ಹುಡುಗರು ಆಡುವ ಪ್ಲೇಸ್ಟೇಷನ್ ಇದೆ ಎಂದರು. ಭಾರತದಲ್ಲಿ ಅದು 2007ರ ಏಪ್ರಿಲ್‌ನಲ್ಲಿ 39,990 ರೂಪಾಯಿಗೆ ಬಂದಿತ್ತು. ಶಿರಸಿಯಲ್ಲಿ ನಾನು ಆಗಿನ್ನೂ ಒಂದನ್ನೂ ನೋಡಿರಲಿಲ್ಲ. ಒಂದೇ ಜಿಲ್ಲೆ, ಒಂದೇ ಕಾಲ. ‘ಮನೆಯಲ್ಲಿ ಏನಿದೆ’ ಎಂಬ ಕಾಲಮಿಗೆ ಉತ್ತರ ಮಾತ್ರ ಬೇರೆ.

ಆಮೇಲೆ

ಗ್ರಾಹಕರ ಮಗ ಹೊಸ ವರ್ಷದ ಹೊತ್ತಿಗೆ ಅಮೆರಿಕಕ್ಕೆ ಮರಳಿದ, ಪ್ಲೇಯರನ್ನು ಮನೆಯಲ್ಲೇ ಬಿಟ್ಟು ಹೋದ. 2008ರ ಜನವರಿ 4ರಂದು ವಾರ್ನರ್ ಇನ್ನು ಬ್ಲೂ-ರೇಯಲ್ಲಿ ಮಾತ್ರ ಎಂದು ಘೋಷಿಸಿತು. ಲಾಸ್ ವೇಗಾಸ್‌ನ ವಾರ್ಷಿಕ ಎಲೆಕ್ಟ್ರಾನಿಕ್ಸ್ ಮೇಳಕ್ಕೆ ಸೇರಿದ್ದ ಎಚ್‌ಡಿ ಡಿವಿಡಿ ಬಣ ತನ್ನ ಪತ್ರಿಕಾಗೋಷ್ಠಿಯನ್ನೇ ರದ್ದು ಮಾಡಿತು. ಫೆಬ್ರುವರಿಯಲ್ಲಿ ಡಿಸ್ಕುಗಳನ್ನು ಅಂಚೆಯಲ್ಲಿ ಬಾಡಿಗೆಗೆ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು. ಮೂರು ತಿಂಗಳ ಹಿಂದೆ ಅದೇ ಪ್ಲೇಯರನ್ನು ಸುಗ್ಗಿಯಲ್ಲಿ ಮಾರಿದ್ದ ವಾಲ್‌ಮಾರ್ಟ್ ಕೂಡ ಬಿಟ್ಟಿತು. ಫೆಬ್ರುವರಿ 19ರಂದು ತೋಷಿಬಾ ಸೋಲೊಪ್ಪಿಕೊಂಡು ಪ್ಲೇಯರ್ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಮಾರಿಕಾಂಬಾ ಜಾತ್ರೆಯ ವರ್ಷ ಅದು. ಕೆಲಸದ ಗಡಿಬಿಡಿಯ ನಡುವೆ ಮಾಲೀಕರಿಗೆ ಸುದ್ದಿ ಹೇಳಿದೆ. ಅವರು ತಲೆಯಾಡಿಸಿದರು, ‘ಟೇಪಿದೆಯಲ್ಲ’ ಎಂದರು. ನನ್ನ ಹಾಳೆಯ ಲೆಕ್ಕವನ್ನು ಎತ್ತಿ ಆಡಲಿಲ್ಲ, ಅದು ಅವರ ದೊಡ್ಡತನ.

ನನ್ನ ತಪ್ಪು ಎಲ್ಲಿತ್ತೆಂದು ಹಲವು ಸಲ ಯೋಚಿಸಿದ್ದೇನೆ. ಸೋಲುವ ಬಣವನ್ನು ಆರಿಸಿದ್ದು ತಪ್ಪಲ್ಲ. ನವೆಂಬರಿನಲ್ಲಿ ಅದನ್ನು ಖಚಿತವಾಗಿ ಹೇಳಬಲ್ಲವರು ಇರಲಿಲ್ಲ. ಪ್ಯಾರಾಮೌಂಟಿನಂಥ ಸಂಸ್ಥೆಯೇ ಆ ಕಡೆಗೆ ಹೋಗಿತ್ತು. ನಾನು ಡಿಸ್ಕುಗಳನ್ನು ಡಿಸ್ಕುಗಳೊಂದಿಗೆ ಹೋಲಿಸಿದೆ, ಡಿಸ್ಕನ್ನು ಮನೆಯೊಂದಿಗೆ ಹೋಲಿಸಲಿಲ್ಲ. ಬ್ಲೂ-ರೇಯ ಪಕ್ಷ ಹಿಡಿದಿದ್ದರೂ ಆ 29 ಇಂಚಿನ ಟಿವಿಯ ಮುಂದೆ ಅಷ್ಟೇ ಸೋಲುತ್ತಿದ್ದೆ.

ಗೆದ್ದ ಬ್ಲೂ-ರೇ ನಮ್ಮ ಅಂಗಡಿಗೆ ಬಂತೇ? ಬಂತು, ಅತಿಥಿಯ ಹಾಗೆ. ಎಲ್‌ಸಿಡಿ ಟಿವಿಗಳು ಮನೆಗಳಿಗೆ ಬರತೊಡಗಿದ ಮೇಲೆ, ಸುಮಾರು 2010ರ ಹೊತ್ತಿಗೆ ಒಂದು ಬರ್ನರ್ ಕೊಂಡೆವು. ಅದರಲ್ಲಿ ಮಾಡಿಕೊಟ್ಟ ಡಿಸ್ಕುಗಳನ್ನು ಬೆರಳಲ್ಲಿ ಎಣಿಸಬಹುದು. ಅಷ್ಟರಲ್ಲಿ ಹೊಸ ಟಿವಿಗಳ ಪಕ್ಕದಲ್ಲಿ ಯುಎಸ್‌ಬಿ ತೂತು ಬಂದಿತ್ತು, ‘ಮನೆಯಲ್ಲಿ ಏನಿದೆ’ ಕಾಲಮಿನಲ್ಲಿ ‘ಪೆನ್ ಡ್ರೈವ್’ ಎಂದು ಬರೆಯುವುದು ಹೆಚ್ಚಾಯಿತು. ಡಿವಿಡಿ ಮಾತ್ರ ತಾಂಬೂಲದ ಹಾಗೆ ಬಹಳ ಕಾಲ ಉಳಿಯಿತು. ಯಾರೂ ಹಾಕಿ ನೋಡದಿದ್ದರೂ ಆಲ್ಬಮ್ಮಿನ ಜೊತೆ ಒಂದು ಡಿಸ್ಕ್ ಇಲ್ಲದಿದ್ದರೆ ಕೆಲಸ ಮುಗಿದಂತೆ ಆಗುತ್ತಿರಲಿಲ್ಲ.

ಟೇಪುಗಳ ಕಥೆ ಉಳಿದಿದೆ. ಅವುಗಳನ್ನು ಅಂಗಡಿಯ ಹಿಂದಿನ ಕೋಣೆಯ ಮರದ ಕಪಾಟಿನಲ್ಲಿ ಇಡುತ್ತಿದ್ದೆವು. ಮಲೆನಾಡಿನ ಮಳೆಗಾಲದಲ್ಲಿ ಟೇಪು, ಮಸೂರ, ರೇಷ್ಮೆ ಸೀರೆ, ಪುಸ್ತಕ, ಏನನ್ನಿಟ್ಟರೂ ಬೂಸ್ಟು ಹಿಡಿಯುತ್ತದೆ. ಅದಕ್ಕೆ ಇಲ್ಲಿಯ ಹಳೆಯ ಉಪಾಯವೆಂದರೆ ಕಪಾಟಿನೊಳಗೆ 40 ವ್ಯಾಟಿನ ಬಲ್ಬೊಂದನ್ನು ಹಗಲು ರಾತ್ರಿ ಉರಿಸಿಡುವುದು; ಅದರ ಬಿಸಿಗೆ ಒಳಗಿನ ಥಂಡಿ ಹೋಗುತ್ತದೆ. ಸಿದ್ದಾಪುರದ ಆ ಮದುವೆಯ ಆರು ಟೇಪುಗಳೂ ಅಲ್ಲೇ ಇದ್ದವು. 2012ರಲ್ಲಿ ಮದುಮಗಳು ಊರಿಗೆ ಬಂದಾಗ ಅಂಗಡಿಗೆ ಬಂದು ತನ್ನ ಮದುವೆಯ ಎಚ್‌ಡಿ ಪ್ರತಿ ಕೇಳಿದಳು. ನಾಲ್ಕು ಟೇಪುಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಟ್ಟೆವು. ಹಿಂದಿನ ದಿನದ ನಾಂದಿ ಮತ್ತು ಊಟದ ಪಂಕ್ತಿ ಇದ್ದ ಉಳಿದೆರಡನ್ನು ಆಮೇಲೆ ನೋಡೋಣ ಎಂದು ಬಿಟ್ಟೆವು.

2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಉಜಾಲಾ ಯೋಜನೆಯಿಂದ ಎಲ್‌ಇಡಿ ಬಲ್ಬುಗಳು ಅಗ್ಗವಾದವು. ವಿದ್ಯುತ್ ಬಿಲ್ ಉಳಿಸಲೆಂದು ಅಂಗಡಿಯ ಬಲ್ಬುಗಳನ್ನೆಲ್ಲ ನಾನೇ ಬದಲಿಸಿದೆ, ಕಪಾಟಿನದ್ದನ್ನೂ. ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಬಳಿದದ್ದು. ಅಕಾಸಾಕಿ, ಅಮಾನೊ, ನಕಮುರಾ ಸಾಧಿಸಿದ ಅದೇ ನೀಲಿ, ಬ್ಲೂ-ರೇಯ ಲೇಸರಿನ ಒಡಹುಟ್ಟು. ಅದು ಬೆಳಕು ಕೊಡುತ್ತದೆ, ಬಿಸಿ ಕೊಡುವುದು ಬಹಳ ಕಡಿಮೆ. ಮರುವರ್ಷದ ಮಳೆಗಾಲ ಮುಗಿದು ನವರಾತ್ರಿಯ ಹೊತ್ತಿಗೆ ಕಪಾಟು ತೆರೆದರೆ, ಉಳಿದಿದ್ದ ಎರಡು ಟೇಪುಗಳ ಕಿಟಕಿಯೊಳಗೆ ಸುರುಳಿಯ ಅಂಚಿಗೆ ಬಿಳಿಯ ಎಳೆಗಳು ಹಬ್ಬಿದ್ದವು. ನಾಂದಿಯ ಟೇಪನ್ನು ಒಣಗಿಸಿ, ಕೈಯಿಂದ ಮೆಲ್ಲನೆ ಸುತ್ತಿ, ಹಳೆಯ ಕ್ಯಾಮೆರಾದಲ್ಲಿ ನಡುನಡುವೆ ನಿಲ್ಲಿಸುತ್ತ ಓಡಿಸಿ ಮುಕ್ಕಾಲು ಭಾಗ ಉಳಿಸಿಕೊಂಡೆವು. ಪಂಕ್ತಿಯದ್ದು ಹೆಡ್ಡಿಗೆ ಅಂಟಿಕೊಂಡು ತುಂಡಾಯಿತು. ಮಾಲೀಕರು ಏನೂ ಹೇಳದೆ ಸಿ.ಪಿ. ಬಜಾರಿನ ಅಂಗಡಿಗಳನ್ನೆಲ್ಲ ಸುತ್ತಿ, ಎಲ್ಲೋ ಮೂಲೆಯಲ್ಲಿ ಉಳಿದಿದ್ದ 40 ವ್ಯಾಟಿನ ಎರಡು ಬಲ್ಬುಗಳನ್ನು ತಂದು, ಒಂದನ್ನು ಕಪಾಟಿನಲ್ಲಿ ಹಾಕಿ ಇನ್ನೊಂದನ್ನು ಗಲ್ಲೆಯಲ್ಲಿಟ್ಟು ಬೀಗ ಹಾಕಿದರು.